ತೂಗುವ ಗುಂಡು

ಕೆಟಲ್‌ಬೆಲ್ ಎಂದರೆ ಮೇಲೆ ಹಿಡಿಯಿರುವ ಕಬ್ಬಿಣದ ಗುಂಡು; ಅದನ್ನು ಕಾಲಸಂದಿಯಿಂದ ಎದೆಮಟ್ಟಕ್ಕೆ ಬೀಸುವ ವ್ಯಾಯಾಮ ಸ್ವಿಂಗ್. ಅದನ್ನು ಮಾಡಲು ಹೊರಟವರು ಮೊದಲು ಮಾಡುವ ಎಡವಟ್ಟು ಎರಡು: ಮಂಡಿ ಬಗ್ಗಿಸಿ ಬಸ್ಕಿ ಹೊಡೆಯುವುದು, ಗುಂಡನ್ನು ಭುಜದಿಂದ ಎತ್ತುವುದು. ಆಮೇಲೆ ಸೊಂಟ ಹಿಡಿದರೆ ಗುಂಡಿಗೆ ಬೈಗುಳ. ಸ್ವಿಂಗ್ ಎಂದರೆ ಎತ್ತುವುದಲ್ಲ, ತೂಗುವುದು.

ಕನ್ನಡದ ‘ತೂಗು’ ಇಲ್ಲಿ ಎರಡೂ ಅರ್ಥದಲ್ಲಿ ಸರಿ. ರಷ್ಯದಲ್ಲಿ ಈ ಗುಂಡಿನ ಹೆಸರು ಗಿರ್ಯಾ. ಮೂಲದಲ್ಲಿ ಧಾನ್ಯ ತೂಗುವ ತಕ್ಕಡಿಯ ಬಟ್ಟು. ಅಲ್ಲಿನ ಹಳೆಯ ಅಳತೆ ಪೂಡ್, ಅಂದರೆ 16.38 ಕಿಲೋ. ಇವತ್ತಿಗೂ 16, 24, 32 ಕಿಲೋ ಗುಂಡುಗಳು ಸಿಗುವುದು ಅದು ಒಂದು, ಒಂದೂವರೆ, ಎರಡು ಪೂಡ್ ಎಂಬ ಲೆಕ್ಕಕ್ಕೆ. 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ವೈದ್ಯ ಕ್ರಾಯೆವ್‌ಸ್ಕಿ ಭಾರ ಎತ್ತುವವರ ಕೂಟ ಕಟ್ಟಿದರು. ಗಿರ್ಯಾ ಎತ್ತುವ ಸೋವಿಯತ್ ರಾಷ್ಟ್ರೀಯ ಸ್ಪರ್ಧೆ ನಡೆಯಲು ಇನ್ನೂ ನೂರು ವರ್ಷ ಬೇಕಾಯಿತು.

ಡಂಬೆಲ್‌ನ ಭಾರದ ಕೇಂದ್ರ ಅಂಗೈಯೊಳಗೇ ಇರುತ್ತದೆ. ಇದರದು ಹಿಡಿಯಿಂದಾಚೆ, ನಮ್ಮ ಗರಡಿಯ ಗದೆಯ ಹಾಗೆ. ಹಾಗಾಗಿ ತೋಳು ಬರೀ ಹಗ್ಗ, ಗುಂಡು ಲೋಲಕ. ಜೋಕಾಲಿಯ ಹಗ್ಗ ಹೆಚ್ಚು ಬಿಗಿಯುವುದು ತುತ್ತತುದಿಯಲ್ಲಲ್ಲ, ತಳದಲ್ಲಿ. ನೀರು ತುಂಬಿದ ಚೊಂಬಿಗೆ ದಾರ ಕಟ್ಟಿ ಬೀಸಿದರೂ ಅಷ್ಟೇ, ಕೆಳಗೆ ಬಂದಾಗಲೇ ಕೈ ಜಗ್ಗುತ್ತದೆ. ಭುಜದ ಮಟ್ಟದಿಂದ ಬಿಟ್ಟ ಲೋಲಕ ತಳ ಮುಟ್ಟಿದಾಗ ಹಗ್ಗದ ಎಳೆತ ಭಾರದ ಮೂರು ಪಟ್ಟು: ಒಂದು ಪಾಲು ಗುರುತ್ವ ಎಳೆದದ್ದು, ಎರಡು ಪಾಲು ಗುಂಡನ್ನು ವೃತ್ತದಲ್ಲಿ ಹಿಡಿದಿಡಲು ಬೇಕಾದದ್ದು. ಹಗ್ಗದ ಉದ್ದ ಲೆಕ್ಕಕ್ಕೇ ಬರುವುದಿಲ್ಲ. ಉದ್ದನೆಯ ತೋಳಿಗೂ ಗಿಡ್ಡ ತೋಳಿಗೂ ಅದೇ ಮೂರು. ಹಗ್ಗ ನೇತುಬಿದ್ದ ಭುಜದ ಕೀಲು ಅಲುಗದ ಮೊಳೆಯಲ್ಲ, ನಿಜ. ಆದರೂ 16 ಕಿಲೋ ಗುಂಡು ಕೆಳಗೆ ಸುಮಾರು 48 ಕಿಲೋ ತೂಗಬಹುದು ಎಂದಮೇಲೆ ಬಾಗಿದ ಬೆನ್ನಿನ ಗತಿ ಊಹಿಸಿ.

ಸಾಮಾನ್ಯವಾಗಿ ಗಂಡಸರು 16, ಹೆಂಗಸರು 8 ಅಥವಾ 12 ಕಿಲೋದಿಂದ ಶುರು ಮಾಡುತ್ತಾರೆ. ಗುಂಡು ಪಾದದಿಂದ ಒಂದಡಿ ಮುಂದಿರಲಿ. ಬೆನ್ನು ನೆಟ್ಟಗಿಟ್ಟು, ಪೃಷ್ಠವನ್ನು ಹಿಂದಕ್ಕೆ ದೂಡಿ, ಗುಂಡನ್ನು ತೊಡೆಗಳ ಸಂದಿಗೆ ಎಳೆದುಕೊಳ್ಳಿ. ಅದು ಮಂಡಿಗಿಂತ ಮೇಲೇ ಹಾಯಬೇಕು. ಕೆಳಗಿಳಿದರೆ ಸನ್ನೆಕೋಲು ಉದ್ದವಾಗಿ ಹೊರೆಯೆಲ್ಲ ಸೊಂಟದ ಮೇಲೆ. ಈಗ ಥಟ್ಟನೆ ಎದ್ದು ನಿಲ್ಲಿ. ಗುಂಡು ತಾನಾಗಿ ಎದೆಮಟ್ಟಕ್ಕೆ ತೇಲುತ್ತದೆ. ವಾಪಸ್ ಬರುವಾಗ ಮುಂಗೈ ಕಿಬ್ಬೊಟ್ಟೆ ಹತ್ತಿರ ಬರುವವರೆಗೆ ಬಾಗಬೇಡಿ. ಆತುರಗಾರರು ಕೆಡುವುದು ಇಲ್ಲೇ.

ಹಿಡಿಯನ್ನು ಅಂಗೈಯಲ್ಲಿ ಅದುಮಬೇಡಿ, ಚರ್ಮ ಮಡಿಚಿ ಕಿತ್ತುಬರುತ್ತದೆ. ಬೆರಳುಗಳ ಬುಡದಲ್ಲಿ ಕೊಕ್ಕೆಯಂತೆ ಸಿಕ್ಕಿಸಿ, ಬೆವರಿಗೆ ಜಿಮ್ ಚಾಕ್ (ಮೆಗ್ನೀಸಿಯಂ ಕಾರ್ಬೊನೇಟ್) ಪುಡಿ ಸಾಕು. ಕೊನೆಯ ಬೀಸಿನಲ್ಲಿ ಗುಂಡು ಹಿಂದೆ ಹೋಗಿ ಬರುವಾಗ, ಬೆನ್ನು ಸಡಿಲಿಸದೆ, ಶುರುವಿನಲ್ಲಿ ಇಟ್ಟ ಜಾಗಕ್ಕೇ ಇಳಿಸಿ.