ಗೊರೊಂಗೊರೊ: ದನ ಮೇಯುತ್ತಿದ್ದ ನೆಲದಲ್ಲಿ ಸಫಾರಿ

ಟಾಂಜಾನಿಯಾ ಪ್ರವಾಸಕ್ಕೆ ಹೊರಟವರು ಗೊರೊಂಗೊರೊ ಬಿಟ್ಟು ಬರುವುದು ಅಪರೂಪ. ಕುಸಿದು ಕುಳಿಯಾದ ಅಗ್ನಿಪರ್ವತವದು. ಆಳ ಸುಮಾರು 600 ಮೀಟರ್, ತಳದ ಹರವು ಸುಮಾರು 260 ಚದರ ಕಿಲೋಮೀಟರ್. ಕೆಳಗೆ ಸವುಳು ನೀರಿನ ಸರೋವರ, ಹಳದಿ ತೊಗಟೆಯ ಜಾಲಿ ಮರಗಳ ಕಾಡು, ಸಿಂಹ, ಆನೆ, ಕಪ್ಪು ಖಡ್ಗಮೃಗ. ಒಂದು ಜೀಪು ಕೆಳಗಿಳಿಯಬೇಕಾದರೆ 250 ಡಾಲರಿನಷ್ಟು ಶುಲ್ಕ, ತೆರಿಗೆ ಬೇರೆ. ಅಂಚಿನ ರಸ್ತೆಯಲ್ಲಿ ಶುಕಾ ಎಂಬ ಕೆಂಪು ಬಟ್ಟೆ ಹೊದ್ದು ದನ ಹೊಡೆದುಕೊಂಡು ಹೋಗುವ, ದನಗಾಹಿ ಬುಡಕಟ್ಟಿನ ಮಸಾಯಿಗಳೂ ಪ್ರವಾಸದ ಚಿತ್ರಪಟದಲ್ಲಿ ಇದ್ದೇ ಇರುತ್ತಾರೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಅಲ್ಲಿಂದ ಬರುತ್ತಿರುವ ಸುದ್ದಿಯೆಲ್ಲ ಈ ಮಸಾಯಿಗಳ ಸ್ಥಳಾಂತರದ್ದು, ಪೊಲೀಸರದ್ದು, ಕೋರ್ಟಿನದ್ದು. ಯಾರು ಯಾವಾಗ ಯಾರಿಗೆ ಏನು ಮಾತು ಕೊಟ್ಟಿದ್ದರು ಎಂಬುದೇ ಈಗ ಗೋಜಲು. ಅದನ್ನು ಬಿಡಿಸಲು ದನದ ಒಂದು ರೋಗದಿಂದ ಆರಂಭಿಸಬೇಕು.

1887ರ ಸುಮಾರಿಗೆ ಇಟಲಿಯ ಸೇನೆಗಾಗಿ ತರಿಸಿದ ದನಗಳ ಜೊತೆ ದೊಡ್ಡರೋಗವು (ರಿಂಡರ್‌ಪೆಸ್ಟ್) ಎರಿಟ್ರಿಯಾದ ಕರಾವಳಿಗೆ ಬಂದಿಳಿಯಿತು. ಆ ದನಗಳು ಹೋದದ್ದು ಭಾರತದಿಂದ ಎಂಬುದು ಬಹುತೇಕ ಇತಿಹಾಸಕಾರರ ಅಂದಾಜು. ಮೂರ್ನಾಲ್ಕು ವರ್ಷಗಳಲ್ಲಿ ಅದು ಮಸಾಯಿಗಳ ಹಟ್ಟಿಗಳನ್ನು ಮುಟ್ಟಿತು. ಹತ್ತರಲ್ಲಿ ಒಂಬತ್ತು ದನ ಸತ್ತವು. ಹಿಂದೆಯೇ ಸಿಡುಬು ಬಂತು, ಬರ ಬಂತು. 1892ರಲ್ಲಿ ಕುಳಿಗೆ ಇಳಿದ ಆಸ್ಟ್ರಿಯಾದ ಓಸ್ಕರ್ ಬೌಮನ್ ಅಲ್ಲಿ ಕಂಡದ್ದು ಹಸಿವಿನಿಂದ ಅಸ್ಥಿಪಂಜರವಾಗಿದ್ದ ಹೆಂಗಸರನ್ನು, ತೆವಳಲೂ ತ್ರಾಣವಿಲ್ಲದ ಯೋಧರನ್ನು. ಮುಂದೆ ಬಂದ ಯುರೋಪಿಯನ್ನರ ಕಣ್ಣಿಗೆ ಈ ಬಯಲು ಮನುಷ್ಯರೇ ಇಲ್ಲದ ಆದಿಮ ಅರಣ್ಯದಂತೆ ಕಂಡಿತು. ಖಾಲಿಯಾಗಿದ್ದುದನ್ನು ಖಾಲಿಯಾಗಿಯೇ ಇತ್ತು ಎಂದು ತಿಳಿದದ್ದು ಇಲ್ಲಿಂದಲೇ.

ಆಮೇಲೆ ಜರ್ಮನ್ನರು ಕುಳಿಯೊಳಗೆ ತೋಟ ಮಾಡಿದರು, ಮೊದಲ ಮಹಾಯುದ್ಧದ ನಂತರ ಬ್ರಿಟಿಷರು ಬಂದರು, 1951ರಲ್ಲಿ ಪಕ್ಕದ ಸೆರೆಂಗೆಟಿ ಬಯಲು ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನದೊಳಗೆ ಜನ ಇರಬಾರದು ಎಂಬ ವಾದ ಬಲವಾದಾಗ, 1958ರಲ್ಲಿ ಹನ್ನೆರಡು ಮಸಾಯಿ ಹಿರಿಯರು ಒಪ್ಪಂದವೊಂದಕ್ಕೆ ಸಹಿ ಮಾಡಿ ಸೆರೆಂಗೆಟಿಯನ್ನು ಬಿಟ್ಟುಕೊಟ್ಟರು. ಪ್ರತಿಯಾಗಿ 1959ರಲ್ಲಿ ಸುಮಾರು 8,300 ಚದರ ಕಿಲೋಮೀಟರಿನ ಗೊರೊಂಗೊರೊ ಸಂರಕ್ಷಿತ ಪ್ರದೇಶ ಬೇರೆಯಾಯಿತು. ಅಲ್ಲಿ ಮನುಷ್ಯ, ದನ, ವನ್ಯಪ್ರಾಣಿ ಮೂವರಿಗೂ ಜಾಗ. ಮನುಷ್ಯರ ಹಿತಕ್ಕೂ ವನ್ಯಪ್ರಾಣಿಗಳ ಹಿತಕ್ಕೂ ತಿಕ್ಕಾಟ ಬಂದರೆ ಮನುಷ್ಯರದ್ದೇ ಮೊದಲು ಎಂದು ಅಂದಿನ ಗವರ್ನರ್ ಮಸಾಯಿಗಳಿಗೆ ಭರವಸೆಯನ್ನೂ ಕೊಟ್ಟರು. ಈಗಿನ ಪ್ರತಿ ಜಗಳದಲ್ಲೂ ಆ ಮಾತನ್ನು ಯಾರಾದರೂ ನೆನಪಿಸುತ್ತಾರೆ.

ಕಾಗದದ ಮೇಲೆ ಕೊಟ್ಟ ಜಾಗ ನೆಲದ ಮೇಲೆ ಕರಗಿದ ಬಗೆಯನ್ನು ಪ್ರವಾಸಿ ಕೈಪಿಡಿಗಳು ಹೇಳುವುದಿಲ್ಲ. ದನಗಳಿಗೆ ಲಸಿಕೆ ಹಾಕಿದ್ದರಿಂದ 1960ರ ದಶಕದ ಮೊದಲ ವರ್ಷಗಳಲ್ಲಿ ದೊಡ್ಡರೋಗ ವಿಲ್ಡೆಬೀಸ್ಟ್ ಎಂಬ ಹುಲ್ಲೆ ಜಾತಿಯ ಕಾಡುಪ್ರಾಣಿಗಳಿಂದಲೂ ಮಾಯವಾಯಿತು. 1961ರಲ್ಲಿ ಎರಡೂವರೆ ಲಕ್ಷದಷ್ಟಿದ್ದ ಅವು 1977ರ ಹೊತ್ತಿಗೆ 13 ಲಕ್ಷ ದಾಟಿದವು. ಇಂದು ಜಗತ್ತು ಕಾಸು ಕೊಟ್ಟು ನೋಡುವ ಮಹಾವಲಸೆಗೆ ಆ ಗಾತ್ರ ಬಂದದ್ದು ಹೀಗೆ, ದನಗಳಿಗೆ ಚುಚ್ಚಿದ ಸೂಜಿಯಿಂದ. ಅದರ ಬೆಲೆಯನ್ನು ತೆತ್ತವೂ ದನಗಳೇ. ಬೂದಿಮಣ್ಣಿನ ಗಿಡ್ಡ ಹುಲ್ಲಿನ ಬಯಲಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ವಿಲ್ಡೆಬೀಸ್ಟ್‌ಗಳು ಕರು ಹಾಕುತ್ತವೆ. ಆ ಎಳೆಗರುಗಳ ಮೂಗು, ಕಣ್ಣಿನ ಸ್ರಾವದಲ್ಲಿ ಒಂದು ವೈರಾಣು ಇರುತ್ತದೆ. ಅವುಗಳಿಗೆ ಅದರಿಂದ ಏನೂ ಆಗದು. ಅದೇ ಹುಲ್ಲು ಮೇಯ್ದ ದನಕ್ಕೆ ಜ್ವರ ಏರಿ, ಕಣ್ಣು ಮಂಜಾಗಿ, ಕೆಲವೇ ದಿನಗಳಲ್ಲಿ ಸಾವು. ಔಷಧವಿಲ್ಲ. ಹಾಗಾಗಿ ಮಳೆ ಬಿದ್ದು ಹುಲ್ಲು ಅತ್ಯಂತ ಸಿಹಿಯಾಗಿರುವ ತಿಂಗಳುಗಳಲ್ಲೇ ಮಸಾಯಿ ತನ್ನ ಮಂದೆಯನ್ನು ಮೇಲಿನ ಗುಡ್ಡಗಳಿಗೆ ಅಟ್ಟಬೇಕು. ಅಲ್ಲಿ ರಕ್ತ ಹೀರುವ ಉಣ್ಣಿ, ಉಣ್ಣಿಯಿಂದ ಬರುವ ಇನ್ನೊಂದು ಮಾರಕ ಜ್ವರ. ಮೊದಲೂ ಅವರು ಹೀಗೆ ಕೆಳಗೆ ಮೇಲೆ ಓಡಾಡುತ್ತಿದ್ದರು, ನಿಜ. ಆದರೆ ಪ್ರಾಣಿ ಐದು ಪಟ್ಟಾಗಿ, ಹಿಂದೆ ಸರಿಯಲು ಸೆರೆಂಗೆಟಿಯೂ ಇಲ್ಲದಾದಾಗ, ಆ ಓಡಾಟ ಇಕ್ಕಟ್ಟಾಯಿತು.

ಮುಂದಿನದು ಒಂದರ ಮೇಲೊಂದು ನಿಷೇಧ. 1974ರಲ್ಲಿ ಕುಳಿಯೊಳಗಿನ ಹಟ್ಟಿಗಳನ್ನು ತೆರವು ಮಾಡಿಸಲಾಯಿತು. 1975ರಲ್ಲಿ ಬೇಸಾಯ ನಿಂತಿತು, 1992ರಲ್ಲಿ ಅನುಮತಿ ಮರಳಿತು, 2009ರಲ್ಲಿ ಮತ್ತೆ ಹೋಯಿತು. ದನವಿಲ್ಲದವನು ಜೋಳವನ್ನಾದರೂ ಬಿತ್ತಬೇಕಲ್ಲವೇ ಎಂಬ ಪ್ರಶ್ನೆಗೆ ಯಾವ ಆದೇಶದಲ್ಲೂ ಉತ್ತರವಿರಲಿಲ್ಲ. ಈ ನಡುವೆ 1979ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು. 2010ರಲ್ಲಿ ಸಾಂಸ್ಕೃತಿಕ ಮಹತ್ವವನ್ನೂ ಸೇರಿಸಿತು. ಆ ಮಹತ್ವದ ತಿರುಳು ಮನುಷ್ಯನ ಪೂರ್ವಜರು ಇಲ್ಲಿ ಬಿಟ್ಟುಹೋದ ಓಲ್ಡುವಾಯ್ ಕಮರಿಯ ಪಳೆಯುಳಿಕೆಗಳು, ಲೇಟೊಲಿಯ 36 ಲಕ್ಷ ವರ್ಷ ಹಳೆಯ ಹೆಜ್ಜೆಗುರುತುಗಳು. ಬದುಕಿರುವ ಹೆಜ್ಜೆಗಳಿಗೆ ಅಷ್ಟು ರಕ್ಷಣೆ ದಕ್ಕಲಿಲ್ಲ.

ಸರ್ಕಾರದ ವಾದವನ್ನೂ ಕೇಳಬೇಕು. 1959ರಲ್ಲಿ ಸುಮಾರು 8,000 ಇದ್ದ ಜನ ಈಗ ಒಂದು ಲಕ್ಷದ ಆಸುಪಾಸು. ನೆಲ ಅಷ್ಟೇ ಇದೆ, ನೀರೂ ಅಷ್ಟೇ. ಆ ಲೆಕ್ಕ ಸುಳ್ಳಲ್ಲ. ಆದರೆ ಅಂಚಿನ ಲಾಡ್ಜುಗಳೂ, ಪ್ರವಾಸದ ಕಾಲದಲ್ಲಿ ಸಾಲುಗಟ್ಟುವ ಜೀಪುಗಳೂ ಆ ಲೆಕ್ಕದಲ್ಲಿ ಅಷ್ಟೇ ಕಟ್ಟುನಿಟ್ಟಾಗಿ ಸೇರುವುದಿಲ್ಲ.

2022ರ ಜೂನ್‌ನಿಂದ ಸುಮಾರು 600 ಕಿಲೋಮೀಟರ್ ದೂರದ ಹಂದೇನಿ ಜಿಲ್ಲೆಯ ಮ್ಸೊಮೇರಾಕ್ಕೆ ಕುಟುಂಬಗಳನ್ನು ಸಾಗಿಸಲಾಗುತ್ತಿದೆ. ಹೋಗುವುದು ಸ್ವಂತ ಇಚ್ಛೆಯಿಂದ, ಮನೆ ಮತ್ತು ಜಮೀನು ಕೊಡುತ್ತೇವೆ ಎನ್ನುತ್ತದೆ ಸರ್ಕಾರ. ಶಾಲೆ, ಆಸ್ಪತ್ರೆಗಳ ಹಣ ನಿಲ್ಲಿಸಿ ಇಚ್ಛೆ ಹುಟ್ಟಿಸುತ್ತಿದ್ದಾರೆ ಎನ್ನುತ್ತಾರೆ ಉಳಿದವರು. ಅದೇ ತಿಂಗಳು ಪಕ್ಕದ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಮೇವಿನ ನೆಲಕ್ಕೆ ಗಡಿಕಲ್ಲು ನೆಡುವಾಗ ಘರ್ಷಣೆಯಾಗಿ ಒಬ್ಬ ಪೊಲೀಸ್ ಸತ್ತರು, ಹಲವು ಮಸಾಯಿಗಳು ಗಾಯಗೊಂಡು ಗಡಿ ದಾಟಿ ಕೀನ್ಯಾ ಸೇರಿದರು. 2024ರ ಆಗಸ್ಟ್‌ನಲ್ಲಿ ಗೊರೊಂಗೊರೊದ ಹಳ್ಳಿಗಳನ್ನೇ ಅಧಿಕೃತ ಪಟ್ಟಿಯಿಂದ ತೆಗೆದಾಗ ಸಾವಿರಾರು ಜನ ಸೆರೆಂಗೆಟಿಗೆ ಹೋಗುವ ರಸ್ತೆಯ ಮೇಲೆ ಕುಳಿತರು, ಪ್ರವಾಸಿ ವಾಹನಗಳು ನಿಂತವು. ಕೆಲವೇ ದಿನಗಳಲ್ಲಿ ಅರೂಷಾದ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಡಿಸೆಂಬರ್‌ನಲ್ಲಿ ಅಧ್ಯಕ್ಷೆ ಸಾಮಿಯಾ ಸುಲುಹು ಹಸನ್ ಮಸಾಯಿ ಮುಖಂಡರನ್ನು ಭೇಟಿಯಾಗಿ, ಭೂವಿವಾದಕ್ಕೆ ಒಂದು ಮತ್ತು ಸ್ಥಳಾಂತರಕ್ಕೆ ಒಂದು, ಹೀಗೆ ಎರಡು ಆಯೋಗಗಳನ್ನು ಪ್ರಕಟಿಸಿದರು.