ಬಣ್ಣ ಆಮೇಲೆ, ಮೊದಲು ಹೊಸ್ತಿಲು

ಬೆಳಗಾವಿಯ ಶಹಾಪುರ, ವಡಗಾವಿ ಕಡೆ ಹಳೇ ಮನೆ ರಿಪೇರಿಗೆ ಕರೆದವರು ಮೊದಲು ಕೇಳುವುದು "ಯಾವ ಪೇಂಟ್ ಹಚ್ಚೂಣ್ರಿ ಸರ್?" ಅಂತ. ನಾನು ಹೊರಗೆ ಬಂದು ಹೊಸ್ತಿಲು ನೋಡುತ್ತೇನೆ.

ಈ ಮನೆಗಳನ್ನು ಕಟ್ಟಿದಾಗ ಬಾಗಿಲಿಗೆ ಎರಡು ಮೂರು ಮೆಟ್ಟಿಲು ಇರುತ್ತಿದ್ದವು. ಆಮೇಲೆ ಗಲ್ಲಿಗೆ ಡಾಂಬರು ಬಂತು, ಅದರ ಮೇಲೆ ಮತ್ತೆ ಡಾಂಬರು, ಅದರ ಮೇಲೆ ಕಾಂಕ್ರೀಟು. ಹಳೇದನ್ನು ಕೆತ್ತಿ ತೆಗೆಯುವ ತಂಟೆಗೆ ಯಾರೂ ಹೋಗಲಿಲ್ಲ. ಎಷ್ಟೋ ಕಡೆ ಈಗ ರಸ್ತೆ ಮೇಲೆ, ಪಡಸಾಲೆ ಕೆಳಗೆ. ಬೆಳಗಾವಿ ಮಳೆ ಗೊತ್ತಲ್ವಾ? ನೀರು ಒಳಗೆ ನುಗ್ಗದಿದ್ದರೂ ಗೋಡೆ ಬುಡದಲ್ಲಿ ನಿಲ್ಲುತ್ತದೆ, ಕೆಂಪು ಕಲ್ಲು ಮತ್ತು ನಡುವಿನ ಮಣ್ಣು ಅದನ್ನು ನಿಧಾನಕ್ಕೆ ಮೇಲಕ್ಕೆ ಹೀರುತ್ತವೆ.

ಮೊದಲು ಗೋಡೆಗೆ ಸುಣ್ಣದ ಗಿಲಾವ್ (ಪ್ಲಾಸ್ಟರ್) ಇತ್ತು, ಹೀರಿದ ನೀರು ಬಿಸಿಲಿಗೆ ಆರುತ್ತಿತ್ತು. ನಾವು ಅದರ ಮೇಲೆ ಸಿಮೆಂಟ್ ಬಳಿದು, ಆಯಿಲ್ ಪೇಂಟ್ ಹೊಡೆದು, ಸೊಂಟದೆತ್ತರಕ್ಕೆ ಟೈಲ್ಸ್ ಬೇರೆ ಅಂಟಿಸಿ ಆರುವ ದಾರಿ ಮುಚ್ಚಿದ್ದೇವೆ. ಒಂದು ಮನೆಯಲ್ಲಿ ಟೈಲ್ಸ್ ಮುಗಿಯುವ ಗೆರೆಯ ಮೇಲೆ ಗೇಣಗಲ ಬಣ್ಣ ಉಬ್ಬಿತ್ತು. ಬೆರಳಿಂದ ಒತ್ತಿದರೆ ಬಿಳಿ ಉಪ್ಪು ಉದುರುತ್ತಿತ್ತು. ಚಂದ ಕಾಣಲ್ಲ ಅಂತ ಅಲ್ಲಿಗೆ ಕಪಾಟು ಸರಿಸಿದ್ದರು, ಕಪಾಟಿನ ಹಿಂದೆ ಕರೀ ಬೂಷ್ಟು, ಅದರ ಪಕ್ಕದಲ್ಲೇ ಮಗುವಿನ ಹಾಸಿಗೆ. ಮಗುವಿಗೆ ಮಳೆಗಾಲ ಪೂರ್ತಿ ಕೆಮ್ಮು ಅಂತ ಆ ತಾಯಿ ಬೇರೆ ಮಾತಿನ ನಡುವೆ ಹೇಳಿದರು. ಹಸಿ ಮತ್ತು ಬೂಷ್ಟು ಇರುವ ಮನೆಯಲ್ಲಿ ಉಸಿರಾಟದ ತೊಂದರೆ, ಅಸ್ತಮಾ ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ.

ಇದಕ್ಕೆ ಹೊಸ ಪೇಂಟ್ ಮದ್ದಲ್ಲ. ಹಸಿ ಏರಿದಷ್ಟು ಎತ್ತರ ಸಿಮೆಂಟ್ ಕೆತ್ತಿ, ಒಂದು ಬೇಸಿಗೆ ಗೋಡೆ ಆರಲು ಬಿಟ್ಟು, ಸುಣ್ಣದ ಗಿಲಾವ್ ಮಾಡಿಸಿ. ಆ ಕೆಲಸ ಗೊತ್ತಿರುವ ಗೌಂಡಿಯನ್ನು ಹುಡುಕುವುದೇ ದೊಡ್ಡ ಕಷ್ಟ, ಅದು ಬೇರೆ ಮಾತು. ಅಲ್ಲಿಯವರೆಗೆ ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳಾದರೂ ಈಚೆ ಇಡಿ. ಗಲ್ಲಿಗೆ ಮತ್ತೆ ರಸ್ತೆ ಕೆಲಸ ಬಂದರೆ, ಹಳೇ ಪದರ ತೆಗೆದೇ ಹಾಕಿ ಅಂತ ಎಲ್ಲ ಮನೆಯವರೂ ಸೇರಿ ಅರ್ಜಿ ಕೊಡಿ. ಕಾಂಕ್ರೀಟು ಬಿದ್ದ ಮೇಲೆ ಕೂಗಾಡಿ ಉಪಯೋಗವಿಲ್ಲ.

ನೇಕಾರರ ಓಣಿಗಳಲ್ವಾ, ಪಕ್ಕದ ಮನೆ ಮಗ್ಗದ ಸದ್ದಿನ ಬಗ್ಗೆಯೂ ಕೇಳುತ್ತಾರೆ. ರಾತ್ರಿ ವಸತಿ ಪ್ರದೇಶದಲ್ಲಿ 45 ಡೆಸಿಬಲ್ ಮಿತಿ ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ, ಆದರೆ ಮಗ್ಗವೇ ಅನ್ನ ಹಾಕುವ ಓಣಿಯಲ್ಲಿ ಸುಮ್ನೆ ನಿಲ್ಲಿಸಿ ಅನ್ನೋಕಾಗಲ್ಲ. ಮಗ್ಗದ ಕಾಲಿನ ಕೆಳಗೆ ದಪ್ಪ ರಬ್ಬರ್ ಕೊಟ್ಟರೆ ಪಕ್ಕದ ಗೋಡೆಗೆ ಹೋಗುವ ಅದುರಾದರೂ ಇಳಿಯುತ್ತದೆ.

ನನಗೆ ಜಾಸ್ತಿ ಚಿಂತೆ ವಯಸ್ಸಾದವರದ್ದು. ಕೆಳಗೆ ಥಂಡಿ ಅಂತ ಅಜ್ಜಿಯನ್ನು ಮೇಲಿನ ಕೋಣೆಗೆ ಕಳಿಸುತ್ತಾರೆ. ಮನೆಯ ಮೆಟ್ಟಿಲು 190 ಮಿಲಿಮೀಟರ್‌ಗಿಂತ ಎತ್ತರ ಇರಬಾರದು ಅನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ, ಇಲ್ಲಿನ ಕಟ್ಟಿಗೆ ಏಣಿಮೆಟ್ಟಿಲು ಒಂದೊಂದು ಅದಕ್ಕಿಂತ ಎಷ್ಟೋ ಎತ್ತರ. ಮೊಣಕಾಲು ನೋವಿರುವ ಅಜ್ಜಿ ಇಳಿಯುವುದನ್ನೇ ಬಿಡುತ್ತಾರೆ. ಕಟ್ಟೆ ಮೇಲಿನ ಮಾತುಕತೆ, ಬೆಳಗಿನ ಬಿಸಿಲು ಎರಡೂ ತಪ್ಪುತ್ತವೆ. ದುಡ್ಡು ಕಡಿಮೆ ಇದ್ದರೆ ಟೈಲ್ಸ್ ಬಿಟ್ಟು ಮೊದಲು ಕೆಳಗಿನ ಒಂದು ಕೋಣೆ ಒಣಗಿಸಿ, ಅದನ್ನು ಅವರಿಗೆ ಕೊಡಿ. ಕಟ್ಟೆ ಉಳಿದಿದ್ದರೆ ಬೈಕ್ ನಿಲ್ಲಿಸೋಕೆ ಅಂತ ಒಡೆಯಬೇಡಿ, ಬೈಕ್ ಗಲ್ಲಿ ತುದಿಯಲ್ಲಿ ನಿಲ್ಲಲಿ.