ನೈಟಿಂಗೇಲ್‌ಗೆ ನಿಜಕ್ಕೂ ಏನು ಕಾಯಿಲೆಯಾಗಿತ್ತು?

ಫ್ಲಾರೆನ್ಸ್ ನೈಟಿಂಗೇಲ್ ಅಂದ ಕೂಡಲೇ ದೀಪ ಹಿಡಿದು ಗಾಯಾಳುಗಳ ನಡುವೆ ಓಡಾಡುವ ಹೆಣ್ಣುಮಗಳು ಕಣ್ಣಿಗೆ ಬರುತ್ತಾರೆ. ಶಾಲೆಯ ಪಾಠದಲ್ಲಿ ನಾವು ಓದಿದ್ದೂ ಅಷ್ಟೇ. ಆದರೆ ಬ್ರಿಟನ್ ಮತ್ತದರ ಮಿತ್ರರು ರಷ್ಯಾ ವಿರುದ್ಧ ಹೋರಾಡಿದ ಕ್ರಿಮಿಯಾ ಯುದ್ಧದ ಆ ಕೆಲಸ ಎರಡು ವರ್ಷವೂ ತುಂಬಲಿಲ್ಲ. ಅದು ಮುಗಿದ ಮೇಲೆ ಅವರು ಇನ್ನೂ 54 ವರ್ಷ ಬದುಕಿದರು, ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ವರ್ಷ ಹಾಸಿಗೆ, ಸೋಫಾ, ಮುಚ್ಚಿದ ಕೋಣೆ ಇಷ್ಟರಲ್ಲೇ ಕಳೆದುಹೋಯಿತು. ಈ ಭಾಗವನ್ನು ಯಾರೂ ನಮಗೆ ಹೇಳಲೇ ಇಲ್ಲ.

1855ರ ಮೇ ತಿಂಗಳು. ಇಸ್ತಾಂಬುಲ್ ಎದುರಿನ ಸ್ಕುಟಾರಿ ಆಸ್ಪತ್ರೆಯಿಂದ ಕಪ್ಪು ಸಮುದ್ರ ದಾಟಿ ಕ್ರಿಮಿಯಾದ ಬಾಲಕ್ಲಾವಾಕ್ಕೆ ಹೋಗಿದ್ದ ನೈಟಿಂಗೇಲ್ ಅಲ್ಲೇ ಜ್ವರ ಬಂದು ಮಲಗಿದರು. ಸೈನಿಕರು ಇದನ್ನು ‘ಕ್ರಿಮಿಯಾ ಜ್ವರ’ ಅನ್ನುತ್ತಿದ್ದರು. ಉಳಿಯುವುದೇ ಅನುಮಾನ ಅನ್ನುವಷ್ಟು ಜೋರಾಗಿತ್ತು. ತಲೆಗೂದಲು ಕತ್ತರಿಸಿದರು. ಹೇಗೋ ಚೇತರಿಸಿಕೊಂಡು ಯುದ್ಧ ಮುಗಿಯುವವರೆಗೂ ಅಲ್ಲೇ ದುಡಿದು, 1856ರಲ್ಲಿ ಮೆರವಣಿಗೆ, ಸನ್ಮಾನ ಯಾವುದೂ ಬೇಡ ಅಂತ ಹೆಸರು ಮರೆಸಿಕೊಂಡು ಇಂಗ್ಲೆಂಡಿಗೆ ಮರಳಿದರು. ಮರುವರ್ಷ ಮತ್ತೆ ಕುಸಿದರು. ಆಗ ಅವರಿಗೆ 37. ಎದೆ ಡವಡವ, ನಿದ್ದೆ ಇಲ್ಲ, ಊಟ ಕಂಡರೆ ಓಕರಿಕೆ, ಬಂದು ಹೋಗುವ ಜ್ವರ, ಮನಸ್ಸಿಗೆ ಕವಿಯುವ ಖಿನ್ನತೆ. 1861ರ ಕೊನೆಗೆ ಬೆನ್ನುಮೂಳೆಯ ನೋವು ಶುರುವಾಯಿತು. ಮುಂದೆ ಕೆಲವು ವರ್ಷ ನಡೆಯಲೂ ಆಗದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಕೊಂಡೇ ಹೋಗಬೇಕಿತ್ತು.

ಜನ ಇದನ್ನು ನಂಬಿದರಾ? ಅರ್ಧಂಬರ್ಧ. ಅನುಮಾನಕ್ಕೆ ಕಾರಣವೂ ಇತ್ತು ಅನ್ನಿ. ಭೇಟಿಗೆ ಬಂದವರನ್ನು ಒಬ್ಬೊಬ್ಬರನ್ನಾಗಿ ಮಾತ್ರ ನೋಡುತ್ತಿದ್ದರು. ತಾಯಿ, ಅಕ್ಕ ಬರುತ್ತಾರೆ ಅಂದರೆ ಕಾಯಿಲೆ ಜಾಸ್ತಿಯಾಗುತ್ತಿತ್ತು. ನರ್ಸ್ ಆಗುತ್ತೇನೆ ಅಂದಾಗ ವರ್ಷಗಟ್ಟಲೆ ಅಡ್ಡ ನಿಂತ ಮನೆಯದು. ಒಂಬತ್ತು ವರ್ಷ ಕಾದಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಅವರನ್ನು ಮದುವೆಯಾಗಲು ಒಲ್ಲೆ ಅಂದಿದ್ದೂ ಆ ಮನೆಗೆ ನೋವಾಗಿತ್ತು. ಹಾಗಾಗಿ ಮುಂದೆ ಬರೆದವರಲ್ಲಿ ಹಲವರು, ಇದೆಲ್ಲ ನರದ ದೌರ್ಬಲ್ಯ, ಮನೆಯವರನ್ನು ದೂರ ಇಡಲು ಹೂಡಿದ ನೆಪ ಅಂದುಬಿಟ್ಟರು. ನನಗೆ ಈ ಮಾತು ತುಂಬ ಅನ್ಯಾಯ ಅನ್ನಿಸುತ್ತದೆ. ಹೆಂಗಸು ನೋವು ಅಂದರೆ ‘ಮನಸ್ಸಿನದ್ದು’ ಅಂದುಬಿಡುವುದು ಬಹಳ ಸುಲಭ, ಅಲ್ವಾ?

1995ರಲ್ಲಿ ಡಿ. ಎ. ಬಿ. ಯಂಗ್ ಎಂಬ ವಿಜ್ಞಾನಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬೇರೆಯೇ ಉತ್ತರ ಮುಂದಿಟ್ಟರು: ಬ್ರುಸೆಲ್ಲೋಸಿಸ್. ಜ್ವರ, ಬೆನ್ನುಮೂಳೆಯ ಉರಿಯೂತ, ಖಿನ್ನತೆ, ವರ್ಷಗಟ್ಟಲೆ ಮರುಕಳಿಸುವ ಸುಸ್ತು, ಎಲ್ಲವೂ ಈ ರೋಗಕ್ಕೆ ಹೊಂದುತ್ತವೆ. ಆಡು, ಕುರಿ, ದನಗಳಿಂದ ಮನುಷ್ಯರಿಗೆ ಬರುವ ಸೋಂಕು ಇದು. ಹಸಿ ಹಾಲು ಇದರ ಮುಖ್ಯ ದಾರಿ. ದೇಹ ಹೊಕ್ಕ ರೋಗಾಣುವನ್ನು ನಮ್ಮ ಬಿಳಿ ರಕ್ತಕಣಗಳು ನುಂಗುತ್ತವೆ. ಆದರೆ ಇದು ಅಲ್ಲಿ ಸಾಯುವುದಿಲ್ಲ, ಕೊಲ್ಲಬೇಕಾದ ಆ ಕಣದೊಳಗೇ ಅಡಗಿ ಕೂತು ಸಂಖ್ಯೆ ಬೆಳೆಸಿಕೊಳ್ಳುತ್ತದೆ. ಹಾಗಾಗಿಯೇ ಜ್ವರ ಹೋದಂತೆ ಮಾಡಿ ಮತ್ತೆ ಬರುತ್ತದೆ. ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಸತ್ತ ಸೈನಿಕರ ಗುಲ್ಮದಲ್ಲಿ ಈ ರೋಗಾಣುವನ್ನು ಕಂಡಿದ್ದು 1887ರಲ್ಲಿ. ಆಡಿನ ಹಾಲಿನಿಂದ ಹರಡುತ್ತದೆ ಅಂತ ಗೊತ್ತಾಗಿದ್ದು 1905ರಲ್ಲಿ, ಥೆಮಿಸ್ಟೊಕ್ಲಿಸ್ ಜಾಮಿಟ್ ಅವರಿಂದ. ಅಂದರೆ 1857ರ ವೈದ್ಯರಿಗೆ ಈ ಕಾಯಿಲೆಯ ಕಾರಣವೂ ಗೊತ್ತಿರಲಿಲ್ಲ, ಅವರ ಬಳಿ ಮದ್ದೂ ಇರಲಿಲ್ಲ.

ನಮ್ಮ ಹಳ್ಳಿಗಳಿಗೂ ಇದು ಹೊಸದಲ್ಲ. ದನ ದಿನ ತುಂಬುವ ಮೊದಲೇ ಕಂದು ಹಾಕಿತು ಅಂದರೆ ಪಶುವೈದ್ಯರು ಮೊದಲು ಅನುಮಾನಿಸುವ ರೋಗಗಳಲ್ಲಿ ಇದೂ ಒಂದು. ಆ ಕಂದು, ಮಾಸುಗಳನ್ನು ಬರಿಗೈಯಲ್ಲಿ ಎತ್ತಿ ಹಾಕುವವರಿಗೆ ಇವತ್ತಿಗೂ ಸೋಂಕು ತಗಲುತ್ತದೆ.

ಅಂಥ ನೋವಿಟ್ಟುಕೊಂಡು ನೈಟಿಂಗೇಲ್ ಮಾಡಿದ ಕೆಲಸ ನೋಡಿ. ಸೈನಿಕರು ಸತ್ತಿದ್ದು ಗುಂಡಿಗಿಂತ ರೋಗದಿಂದಲೇ ಜಾಸ್ತಿ ಎಂದು ತೋರಿಸುವ ಪ್ರಸಿದ್ಧ ವೃತ್ತಾಕಾರದ ಅಂಕಿಅಂಶ ನಕ್ಷೆಗಳು 1858ರವು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು. ಭಾರತಕ್ಕೆ ಒಮ್ಮೆಯೂ ಬರದೆ ಇಲ್ಲಿನ ದಂಡು ಪ್ರದೇಶಗಳ ನೀರು, ಚರಂಡಿ, ಸಾವಿನ ಲೆಕ್ಕ ತರಿಸಿಕೊಂಡು ವರದಿ ಬರೆದರು. ತಮ್ಮನ್ನು ದುಡಿಸಿಕೊಂಡಷ್ಟೇ ಕಠಿಣವಾಗಿ ಬೇರೆಯವರನ್ನೂ ದುಡಿಸಿದರು. ಬ್ರಿಟನ್ನಿನ ಯುದ್ಧ ಸಚಿವರಾಗಿದ್ದ ಆಪ್ತ ಗೆಳೆಯ ಸಿಡ್ನಿ ಹರ್ಬರ್ಟ್ ಮೂತ್ರಪಿಂಡದ ಕಾಯಿಲೆಯಿಂದ ಕುಗ್ಗುತ್ತಿದ್ದಾಗಲೂ ಸೇನಾ ಸುಧಾರಣೆ ಮುಗಿಸಿ ಅಂತ ಬೆನ್ನು ಹತ್ತಿದ್ದರು. ಹರ್ಬರ್ಟ್ 1861ರ ಆಗಸ್ಟ್‌ನಲ್ಲಿ ತೀರಿಕೊಂಡರು. ಇಷ್ಟು ವರ್ಷ ನೋವುಂಡವರು ಇನ್ನೊಬ್ಬರ ನೋವನ್ನು ಹೀಗೆ ತಳ್ಳಿಹಾಕಿದರಲ್ಲ ಅಂತ ಬೇಸರವಾಗುತ್ತದೆ.

1880ರ ದಶಕದ ಹೊತ್ತಿಗೆ ನೋವು ಬಹುಪಾಲು ತಗ್ಗಿತ್ತು. 1910ರಲ್ಲಿ, 90ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಯಂಗ್ ಹೇಳಿದ್ದು ಲಕ್ಷಣಗಳನ್ನು ಹೊಂದಿಸಿ ಮಾಡಿದ ಊಹೆ. ರಕ್ತದ ಮಾದರಿಯಾಗಲೀ ಶವಪರೀಕ್ಷೆಯ ವರದಿಯಾಗಲೀ ಇಲ್ಲ. ಆದರೆ ತಮ್ಮ ದೇಹವನ್ನು ವೈದ್ಯವಿಜ್ಞಾನಕ್ಕಾಗಿ ಕೊಯ್ದು ನೋಡಿ ಅಂತ ನೈಟಿಂಗೇಲ್ ಸ್ವತಃ ಉಯಿಲಿನಲ್ಲಿ ಬರೆದಿಟ್ಟಿದ್ದರು. ಅದನ್ನು ಯಾರೂ ನಡೆಸಿಕೊಡಲಿಲ್ಲ.